ಎಡಹುರಿಯ ನೂಲು

ಮಗಳು ಊಟಕ್ಕೆ ಕೂತಳೆಂದರೆ ಓಬಳಮ್ಮನ ಕಣ್ಣು ಬೇರೆ ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಸಾರಿನ ಗಡಿಗೆ ಉಕ್ಕಿದರೂ ಸರಿ, ಗಂಡ ಮಜ್ಜಿಗೆ ಕೇಳಿದರೂ ಸರಿ, ಅವಳು ನೋಡುತ್ತಿದ್ದದ್ದು ಗಂಗಿಯ ಕೈಗಳನ್ನು.

“ಗಂಗೀ!”

ಏಳು ವರ್ಷದ ಗಂಗಿ ಬೆಚ್ಚಿಬಿದ್ದು, ಎಡಗೈಯಲ್ಲಿದ್ದ ಮುದ್ದೆಯ ತುತ್ತನ್ನು ಬಲಗೈಗೆ ದಾಟಿಸಹೋದಳು. ತುತ್ತು ಜಾರಿ ಹುರುಳಿಸಾರಿನೊಳಗೆ ಬಿತ್ತು. ಸಾರು ಪಕ್ಕದಲ್ಲಿದ್ದ ಅಜ್ಜಿಯ ಸೀರೆಗೆ ಸಿಡಿಯಿತು.

“ಮಗು ತುತ್ತು ಬಾಯಿಗಿಡೋ ಹೊತ್ನಾಗೆ ಅಂಗೆ ಕೂಗ್ತಾರೇನೇ ಓಬಳಿ?” ಎಂದಳು ಅತ್ತೆ ನರಸಮ್ಮ, ಸೆರಗಿನಿಂದ ಒರೆಸಿಕೊಳ್ಳುತ್ತ. “ಯಾವ ಕೈಲಿ ಉಂಡ್ರೂ ಹೊಟ್ಟೆಗೇ ಹೋಗ್ತದೆ, ಬುಡು.”

“ನಾಳೆ ಬೀಗರ ಮನೆ ಪಂಕ್ತಿನಾಗೆ ಎಡಗೈ ಎತ್ತಿದ್ರೆ, ನೀವೇ ಹೋಗಿ ಅವರ್ಗೆ ಇಂಗೆ ಹೇಳ್ತೀರಾ ಅತ್ತೆ?”

“ನಾಳೆ ನಾನೆಲ್ಲಿರ್ತೀನೋ. ಇವತ್ತು ಉಣ್ಲಿ.”

ಗಂಡ ಚಿಕ್ಕರಂಗಯ್ಯ ಊಟ ಮುಗಿಸಿ ಎದ್ದ. ಕೈ ತೊಳೆದು, ನಡುಮನೆಯ ಮೂಲೆಯಲ್ಲಿದ್ದ ಮಗ್ಗದ ಗುಂಡಿಗೆ ಇಳಿದ. ಸ್ವಲ್ಪ ಹೊತ್ತಿಗೆ ಮಗ್ಗ ಬಡಿಯುವ ಸದ್ದು ಎಲ್ಲರ ಮಾತನ್ನೂ ಮುಚ್ಚಿತು.

ಮದಲೂರು ಕೆರೆಯ ಏರಿಯ ಮೇಲೆ ನಿಂತು ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಹಟ್ಟಿ. ಅಲ್ಲಿ ಕಂಬಳಿ ನೇಯುವ ಮನೆಗಳೇ ಹೆಚ್ಚು. ಗಂಡಸರು ಮಗ್ಗಕ್ಕೆ ಕೂತರೆ ಹೆಂಗಸರು ಉಣ್ಣೆ ಹಿಂಜಿ, ಕದಿರು ತಿರುಗಿಸಿ ನೂಲು ತೆಗೆಯುವರು. ನೀರಿಗೆ ಹೋಗುವಾಗ, ದನ ಕಾಯುವಾಗ, ಜಗಲಿಯ ಮೇಲೆ ಹರಟೆಗೆ ಕೂತಾಗ ಅವರ ಕೈಯಲ್ಲಿ ಕದಿರು ಇದ್ದೇ ಇರುತ್ತಿತ್ತು.

ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ಆ ಯುದ್ಧ ಹಟ್ಟಿಗೆ ಬಂದದ್ದು ಸೀಮೆಎಣ್ಣೆ ಸಿಗದೆ ಹೋದದ್ದರಲ್ಲಿ, ಆಮೇಲೆ ಶಿರಾದ ಕರೀಮ್ ಸಾಬರ ಗಾಡಿಯಲ್ಲಿ.

“ದಂಡಿನೋರ್ಗೆ ಕಂಬಳಿ ಬೇಕಂತೆ ರಂಗಯ್ಯ,” ಎಂದರು ಸಾಬರು ಜಗಲಿಯ ಮೇಲೆ ಕೂತು, ಟೋಪಿ ತೆಗೆದು ತಲೆಯ ಬೆವರು ಒರೆಸಿಕೊಳ್ಳುತ್ತ. “ಎಲ್ಲಾ ಒಂದೇ ಥರ ಇರ್ಬೇಕು. ಕರೀದು, ಸಾದಾ. ಪಟ್ಟೆಗಿಟ್ಟೆ ಕಂಡ್ರೆ ಬಿಸಾಕ್ತಾರೆ. ನಿಮ್ಮನೆ ನೂಲು ನೆಚ್ಕೊಂಡೇ ನಾನು ಜಬಾನ್ ಕೊಟ್ಬಂದಿದೀನಿ.”

“ನಮ್ಮನೆ ನೂಲಿಗೇನು ಸಾಬ್ರೇ?”

“ಅದೇ ಹೇಳ್ತಿರೋದು. ಈ ತಾಯಿ ನೂತಿದ್ದು ಕತ್ತಲೇಲಿ ಮುಟ್ಟಿದ್ರೂ ಗೊತ್ತಾಗ್ತದೆ. ಉಣ್ಣೆ ಅಲ್ಲ, ರೇಷ್ಮೆ.”

ಒಳಬಾಗಿಲಲ್ಲಿ ನಿಂತಿದ್ದ ಓಬಳಮ್ಮ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. ಸಾಬರು ಚೀಲದಿಂದ ಖರ್ಜೂರ ತೆಗೆದು ಗಂಗಿಯ ಕಡೆ ಚಾಚಿದರು. ಗಂಗಿಯ ಎಡಗೈ ಮುಂದೆ ಬಂತು. ಓಬಳಮ್ಮ ಅದರ ಮೇಲೆ ಪಟ್ಟನೆ ಹೊಡೆದಳು. ಮಗುವಿನ ಮುಖ ಸಣ್ಣದಾಯಿತು.

ಕರೀಮ್ ಸಾಬರು ಇನ್ನೊಂದು ಖರ್ಜೂರ ತೆಗೆದರು. “ಹೊಡೀಬೇಡಮ್ಮ. ಈ ಕೈಗೊಂದು, ಆ ಕೈಗೊಂದು. ಎರಡು ಸಿಕ್ತಲ್ಲ, ಲಾಭ ಯಾರಿಗೆ?” ಎಂದು ಅವಳ ಎರಡೂ ಅಂಗೈ ಬಿಡಿಸಿ ಒಂದೊಂದನ್ನು ಇಟ್ಟರು.

ಬಲಗೈಯಲ್ಲಿ ಕದಿರು ತಿರುಗಿಸಿದರೆ ನೂಲಿನ ಹುರಿ ಒಂದು ಕಡೆಗೆ ಬೀಳುತ್ತದೆ. ಎಡಗೈಯಲ್ಲಿ ತಿರುಗಿಸಿದರೆ ಎದುರು ಕಡೆಗೆ. ಎಡಹುರಿಯ ನೂಲು ಕೆಟ್ಟದ್ದೇನೂ ಅಲ್ಲ, ಗಟ್ಟಿಯಾಗಿಯೇ ಇರುತ್ತದೆ. ಆದರೆ ಎರಡನ್ನೂ ಒಂದೇ ಕಂಬಳಿಗೆ ಹಾಸಿದರೆ ಬೆಳಕು ಬೀಳುವಾಗ ಒಂದು ಮಿರುಗುತ್ತದೆ, ಇನ್ನೊಂದು ಮಂಕಾಗುತ್ತದೆ. ಕಪ್ಪು ಕಂಬಳಿಯ ಮೇಲೆ ನೆರಳಿನಂಥ ಪಟ್ಟೆ ಏಳುತ್ತದೆ. ಅದಕ್ಕೇ ನೂಲಿನ ಉಂಡೆಗಳನ್ನು ಆರಿಸಿಕೊಡುವ ಕೆಲಸ ಪ್ರತಿ ಮನೆಯಲ್ಲೂ ಹಿರಿಯಳದು. ಈ ಮನೆಯಲ್ಲಿ ಅದು ನರಸಮ್ಮನದಾಗಿತ್ತು. ಯುಗಾದಿಯಿಂದೀಚೆಗೆ ಅವಳ ಕಣ್ಣಿಗೆ ಪೊರೆ ಬಂದು, ಮನೆಯವರೆಲ್ಲ ಅವಳಿಗೆ ಬರೀ ನೆರಳಾಗಿ ಕಾಣತೊಡಗಿದರು. “ನೀ ಕೂತ್ಕ ಅವ್ವ, ನಾನೇ ತಗಂತೀನಿ,” ಎಂದು ಮಗ ಬುಟ್ಟಿಯನ್ನು ಮಗ್ಗದ ಪಕ್ಕಕ್ಕೆ ಎಳೆದುಕೊಂಡಿದ್ದ. ಸಾಬರ ಕೆಲಸದ ಅವಸರ ಬೇರೆ. ನರಸಮ್ಮ ಏನೋ ಹೇಳಲು ಬಾಯಿ ತೆರೆದು, ಸೊಸೆ ಎದುರಿಗೇ ಇದ್ದದ್ದರಿಂದ ಸುಮ್ಮನಾಗಿ, ತನ್ನ ಹಳೆಯ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು.

ಓಬಳಮ್ಮನ ತವರು ಪಾವಗಡದ ಕಡೆ. ತಾಯಿ ಸತ್ತ ಮೇಲೆ ಅವಳನ್ನು ಸಾಕಿದವಳು ಸೋದರತ್ತೆ. ಅತ್ತೆಯ ಮಗನಿಗೇ ಇವಳು ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಹುಡುಗಿ ಎಲ್ಲಕ್ಕೂ ಎಡಗೈ ಮುಂದೆ ಮಾಡುತ್ತಾಳೆಂದು ಕಂಡಾಗ ಅತ್ತೆ ಮೊದಲು ಗದರಿದಳು. “ಆ ಚೆಯ್ಯಿ ಕಾದೇ, ಈ ಚೆಯ್ಯಿ,” ಆ ಕೈ ಅಲ್ಲ, ಈ ಕೈ ಎಂದು ತೆಲುಗಿನಲ್ಲಿ ಹೇಳಿ ಬಲಗೈ ಹಿಡಿದು ತೋರಿಸಿದಳು. ಆಮೇಲೆ ಕರಿಯ ಉಣ್ಣೆಯ ದಾರದಿಂದ ಎಡಗೈಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿದಳು. ಅದಕ್ಕೂ ಬಗ್ಗದಿದ್ದಾಗ ಕಾದ ಸಟ್ಟುಗದಿಂದ ಅಂಗೈಗೆ ಬರೆ ಹಾಕಿದಳು. ಇಷ್ಟೆಲ್ಲ ಆಗಿಯೂ ಕಡೆಗೆ ಮನೆಯ ಹಿರಿಯರು, “ಎಡಚಿಯನ್ನ ಮನೆ ತುಂಬಿಸ್ಕಂಡ್ರೆ ದೀಪ ಹಚ್ಚೋರ್ಯಾರು?” ಎಂದು ಬೇರೆ ಹೆಣ್ಣು ತಂದರು. ಆ ಮದುವೆಯ ಚಪ್ಪರದಲ್ಲಿ ಓಬಳಮ್ಮ ಬಲಗೈಯಿಂದ ಒಂದು ಹನಿಯೂ ಚೆಲ್ಲದೆ ಪಂಕ್ತಿಗೆಲ್ಲ ಸಾರು ಬಡಿಸಿದಳು.

ಚಿಕ್ಕರಂಗಯ್ಯನ ಕೈಹಿಡಿದು ಬಂದ ಮೇಲೆ ಇದನ್ನು ಯಾರಿಗೂ ಹೇಳಲಿಲ್ಲ. ಅಂಗೈಯ ಕಲೆ ನೋಡಿ ಕೇಳಿದವರಿಗೆ, “ಚಿಕ್ಕೋಳಿದ್ದಾಗ ಒಲೆ ಮೇಲೆ ಬಿದ್ದೆ,” ಎನ್ನುತ್ತಿದ್ದಳು. ಹಟ್ಟಿಯಲ್ಲಿ ಆರತಿಗೆ, ಬಾಗಿನಕ್ಕೆ, ಪಂಕ್ತಿಗೆ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಅಷ್ಟು ಅಚ್ಚುಕಟ್ಟು ಅವಳ ಕೈ. ಆ ದಾರವಿಲ್ಲದಿದ್ದರೆ ತಾನು ಹೀಗೆ ಆಗುತ್ತಿರಲಿಲ್ಲ ಎಂದೇ ಅವಳು ತಿಳಿದಿದ್ದಳು.

ಆದ್ದರಿಂದ, ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಗಂಗಿ ಎಡಗೈಯಲ್ಲಿ ಕದಿರು ತಿರುಗಿಸುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದನ್ನು ಕಂಡಾಗ, ಅವಳು ಗದರಲಿಲ್ಲ, ಹೊಡೆಯಲೂ ಇಲ್ಲ. ಒಳಗೆ ಹೋಗಿ ಕರಿಯ ದಾರ ತಂದಳು.

“ಕೈ ಕೊಡು.”

ಗಂಗಿ ಆಟವೆಂದುಕೊಂಡು ಎರಡೂ ಕೈ ಕೊಟ್ಟಳು.

ಸಂಜೆ ಅಜ್ಜಿ ಮೊಮ್ಮಗಳ ತಲೆ ನೇವರಿಸುವಾಗ ಕೈಗೆ ದಾರ ತಗುಲಿತು. ನೆರಳೂ ಕಾಣದ ಆ ಬೆಳಕಿನಲ್ಲಿ ಬೆರಳಿನಿಂದಲೇ ಅದನ್ನು ಹಿಡಿದು ಸೊಂಟದವರೆಗೆ ಹೋದಳು.

“ಇದೇನೇ ಓಬಳಿ? ಕರು ಕಟ್ದಂಗೆ ಕಟ್ಟಿದೀಯಲ್ಲ!”

“ನಾಲ್ಕು ವಾರ ಅತ್ತೆ. ಬಲಗೈ ಬರೋವರ್ಗೆ.”

“ನನ್ನ ಮೊಮ್ಮಗಳಿಗೆ ಬಲಗೈ ಇಲ್ವೇನು? ಎರಡೂ ಅವೆ. ಬಿಚ್ಚು.”

“ನೀವು ಮುದ್ದು ಮಾಡೋರು. ನಾಳೆ ಜನ ಬಾಯಿಗ್ ಬಂದಂಗೆ ಆಡ್ಕಂಡ್ರೆ ಅನುಭವಿಸೋಳು ಅವಳು.”

“ಯಾವ ಜನವೇ? ಕರಿ ಅವರ್ನ, ನಾ ಕೇಳ್ತೀನಿ. ಲೇ ರಂಗ, ನೀನಾದ್ರೂ ಹೇಳ್ಲಾ!”

ಮಗ್ಗದ ಸದ್ದು ನಿಂತಿತು. “ಹೆಣ್ಮಗಳ ವಿಚಾರ. ತಾಯಿಗೆ ಗೊತ್ತಿರ್ತದೆ ಬುಡವ್ವ,” ಎಂದ ಚಿಕ್ಕರಂಗಯ್ಯ. ಮಗ್ಗ ಮತ್ತೆ ಬಡಿಯತೊಡಗಿತು.

ನರಸಮ್ಮ ತಾನೇ ಗಂಟಿಗೆ ಕೈ ಹಾಕಿದಳು. ಗಂಗಿ ಹಿಂದೆ ಸರಿದಳು. “ಬ್ಯಾಡ ಅಜ್ಜಿ. ಅವ್ವ ಬೈತಾಳೆ.”

ವಾರಗಳು ಕಳೆದವು. ಗಂಗಿ ಒಂದೇ ಕೈಯಲ್ಲಿ ಉಂಡಳು, ಒಂದೇ ಕೈಯಲ್ಲಿ ಅಂಗಳ ಗುಡಿಸಿದಳು. ಬಲಗೈಯಿಂದ ಕದಿರು ತಿರುಗಿಸಲು ಕೂತರೆ, ಎಳೆ ಹಿಡಿಯಲು ಕಟ್ಟಿದ ಕೈಯ ಬೆರಳಷ್ಟೇ ಸೊಂಟದ ಬಳಿ ಸಿಗುತ್ತಿತ್ತು. ನೂಲು ಗಂಟುಗಂಟಾಗಿ ಬರುತ್ತಿತ್ತು. ಓಬಳಮ್ಮ ಪಕ್ಕದಲ್ಲೇ ಕೂತು, “ನಿಧಾನ. ಇನ್ನೊಂದ್ಸಲ,” ಎನ್ನುವಳು. ದನಿಯಲ್ಲಿ ಕೋಪವಿರಲಿಲ್ಲ, ಅವಸರವಿತ್ತು. ಮಗು ಮೊದಲು ಹಾಡುವುದನ್ನು ಬಿಟ್ಟಳು, ಆಮೇಲೆ ಕೇಳಿದ್ದಕ್ಕಷ್ಟೇ ಮಾತಾಡತೊಡಗಿದಳು.

ಊಟದ ಹೊತ್ತಿಗೆ ಚಿಕ್ಕರಂಗಯ್ಯ ಮಗಳ ಪಕ್ಕಕ್ಕೆ ಜರುಗುತ್ತಿದ್ದ. ಅವಳ ತಟ್ಟೆಯ ಮುದ್ದೆಯನ್ನು ಯಾರಿಗೂ ಕಾಣದಂತೆ ಸಣ್ಣ ಸಣ್ಣ ತುತ್ತು ಮಾಡಿ, ಸಾರಿನ ಅಂಚಿಗೆ ಸಾಲಾಗಿ ಇಟ್ಟು, ತನ್ನ ಊಟಕ್ಕೆ ತಿರುಗುತ್ತಿದ್ದ. ಓಬಳಮ್ಮ ಅದನ್ನು ನೋಡಿಯೂ ಸಾರು ಬಡಿಸುತ್ತ ಹೋದಳು.

ಅವಳಿಗೂ ಆ ದಿನಗಳಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಸುಕಿಗೇ ಎದ್ದು ಜಗಲಿಗೆ ಬಂದು ಕದಿರು ಹಿಡಿಯುವಳು. ಒಳಗೆ ಮಗು ನಿದ್ದೆಯಲ್ಲಿ ಹೊರಳಿ ಮುಲುಗಿದರೆ ಕಿವಿ ಅತ್ತಲೇ ಹೋಗುವುದು. ಬೆಳಗಾಗುವಷ್ಟರಲ್ಲಿ ಬುಟ್ಟಿಯಲ್ಲಿ ಎರಡು ಮೂರು ಉಂಡೆ ನೂಲು ಬಿದ್ದಿರುತ್ತಿತ್ತು. ಯಾವಾಗ ನೂತೆನೆಂದು ಅವಳಿಗೇ ನೆನಪಿರುತ್ತಿರಲಿಲ್ಲ.

ಕರೀಮ್ ಸಾಬರು ಬಂದಾಗ ಒಂದು ಕಂಬಳಿ ನೇಯ್ದು ಸಿದ್ಧವಾಗಿತ್ತು. ಹುಣಸೆಬೀಜದ ಗಂಜಿ ಹಾಕಿದ ಹಾಸಿನ ಎಳೆಗಳು ಬಿಗಿಯಾಗಿ ಕೂತು, ಒಳಗೆ ನೋಡಿದವರಿಗೆ ಎಲ್ಲೂ ಕುಂದು ಕಾಣಲಿಲ್ಲ. ಸಾಬರು ತಮ್ಮ ಪದ್ಧತಿಯಂತೆ ಅದನ್ನು ಅಂಗಳದ ಬಿಸಿಲಿಗೆ ಒಯ್ದು ಹರಡಿದರು. ಸುತ್ತ ಒಮ್ಮೆ ನಡೆದರು. ನಿಂತರು.

“ರಂಗಯ್ಯ, ಇಲ್ಲಿ ಬನ್ನಿ. ಇಲ್ಲಿಂದ ನೋಡಿ.”

ಕಪ್ಪು ಕಂಬಳಿಯ ಉದ್ದಕ್ಕೂ ಪಟ್ಟೆಗಳು ಎದ್ದಿದ್ದವು. ಕೆಲವು ಅಗಲ, ಕೆಲವು ಎಳೆಯಷ್ಟೇ ಸಣ್ಣ.

ಚಿಕ್ಕರಂಗಯ್ಯನ ಮುಖ ಇಳಿದುಹೋಯಿತು. “ಇದು... ಹೆಂಗಾಯ್ತು ಸಾಬ್ರೇ?”

“ಎರಡು ಹುರಿ ಬೆರೆತದೆ. ದಂಡಿನೋರು ಇದ್ನ ತಗಳಲ್ಲ.” ಅವನ ಮುಖ ನೋಡಿ ಸಾಬರು ದನಿ ತಗ್ಗಿಸಿದರು. “ಫಿಕರ್ ಮಾಡ್ಬೇಡಿ. ನಾನು ಹೋಗಿ ಇನ್ನೂ ಆಗಿಲ್ಲ ಅಂತೀನಿ. ಆಗಿಲ್ಲ ಅಷ್ಟೇ, ಕೆಟ್ಟೋಯ್ತು ಅನ್ನಲ್ಲ. ಮುಂದಿನ ಸಲ ನೋಡಿ ಹಾಕಿ.”

ಗಾಡಿ ಹೊರಟಿತು. ಎಡಹುರಿ ಬೆರೆತಿದೆ ಅಂದಮೇಲೆ ಓಬಳಮ್ಮನಿಗೆ ಇನ್ನೇನೂ ಕೇಳುವುದಿರಲಿಲ್ಲ.

“ನೀನು ಕದ್ದು ಬಿಚ್ಕಂಡಿದೀಯ,” ಎಂದಳು ಮಗಳಿಗೆ. “ಬಿಚ್ಕಂಡು ಎಡಗೈಲಿ ನೂತು, ಬುಟ್ಟಿಗೆ ಹಾಕಿ, ಮತ್ತೆ ಕಟ್ಕಂಡಿದೀಯ.”

“ಇಲ್ಲವ್ವ.”

“ಎದುರಿಗೇ ಸುಳ್ಳು ಹೇಳ್ತೀಯಾ?”

“ಇಲ್ಲವ್ವ, ದೇವ್ರಾಣೆ. ಗಂಟು ನಂಗೆ ಬಿಚ್ಚಕ್ಕೇ ಬರಲ್ಲ.”

ಓಬಳಮ್ಮ ಒಳಗೆ ಹೋಗಿ ಕಬ್ಬಿಣದ ಸಟ್ಟುಗವನ್ನು ಒಲೆಯ ಕೆಂಡದೊಳಗೆ ಇಟ್ಟಳು. ಅವಳ ಬಾಯಿಂದ ತವರಿನ ಮಾತು ಬರತೊಡಗಿತ್ತು. “ಆ ಚೆಯ್ಯಿ ಕಾದೇ, ಆ ಚೆಯ್ಯಿ ಕಾದು,” ಎಂದುಕೊಳ್ಳುತ್ತ ಕೆಂಡ ಊದಿದಳು. ಗಂಗಿಗೆ ಆ ಭಾಷೆ ತಿಳಿಯದು. ಸಟ್ಟುಗ ಯಾಕೆಂದು ಮಾತ್ರ ತಿಳಿಯಿತು. ಓಡಲಿಲ್ಲ. ಕಂಬಕ್ಕೆ ಬೆನ್ನು ಒತ್ತಿಕೊಂಡು ನಿಂತಳು.

“ರಂಗಾ!” ನರಸಮ್ಮ ಗೋಡೆ ಹಿಡಿದು ಎದ್ದಳು. ಆ ಮನೆಯಲ್ಲಿ ಅಷ್ಟು ಜೋರಾದ ಕೂಗು ಯಾರೂ ಕೇಳಿರಲಿಲ್ಲ. “ಆ ಕಂಬಳಿ ತಾರ್ಲಾ ಇಲ್ಲಿ. ಗಂಗಿ ನೂತಿರೋ ಉಂಡೇನೂ ತಾ. ಓಬಳೀ, ನೀನೂ ಬಾರೇ. ಆಮ್ಯಾಕೆ ಸುಡೋವಂತೆ.”

ಚಿಕ್ಕರಂಗಯ್ಯ ತಂದು ಮಡಿಲಿಗೆ ಹಾಕಿದ. ಮುದುಕಿ ಕಂಬಳಿಯ ಕೊನೆಯಲ್ಲಿ ಜೋತಿದ್ದ ಎಳೆಗಳನ್ನು ಒಂದೊಂದಾಗಿ ಹೆಬ್ಬೆರಳಿನ ತುದಿಯಲ್ಲಿ ಹೊಸೆದು ನೋಡಿ, ಒಂದನ್ನು ಹಿಡಿದಳು.

“ಇದು ಎಡಹುರಿ. ಸಾಬ್ರು ಹೇಳಿದ್ದು ನಿಜ. ಈಗ ಇದ್ನ ಮುಟ್ಟು. ಹೆಂಗೈತೆ?”

ಚಿಕ್ಕರಂಗಯ್ಯ ಮುಟ್ಟಿದ. “ನುಣ್ಣಗೈತೆ.”

“ಈ ಮಗಿನ ಉಂಡೆ ಮುಟ್ಟು.”

ಅವನು ಅದನ್ನೂ ಹಿಡಿದ. ಹೆಸರುಕಾಳು ಪೋಣಿಸಿದಂತೆ ಉದ್ದಕ್ಕೂ ಗಂಟು. ಅವನು ಹೆಂಡತಿಯ ಕಡೆ ನೋಡಿದ, ತಕ್ಷಣ ಕಣ್ಣು ತೆಗೆದ.

“ಯಾವ ಕೈಲಿ ನೂತ್ರೂ ಏಳು ವರ್ಷದ ಮಗಿಗೆ ಇಷ್ಟು ನುಣುಪು ಬರಲ್ಲ. ಇಷ್ಟು ನುಣುಪಾಗಿ ನೂಲೋರು ಈ ಹಟ್ಟಿನಾಗೆ ಯಾರವ್ರೆ ಓಬಳಿ?” ಎಂದಳು ನರಸಮ್ಮ.

ಓಬಳಮ್ಮ ಒಲೆಯ ಕಡೆ ತಿರುಗಿದಳು.

“ನೀ ಈ ಮನೆಗೆ ಬಂದ ವರ್ಷದಿಂದ ನೋಡಿದೀನಿ. ನಿನ್ನ ಮನಸ್ಸು ತವರಿಗೆ ಹೋದಾಗ್ಲೆಲ್ಲ ಕದಿರು ಎಡಗೈಗೆ ಹೋಗ್ತಿತ್ತು. ನೀ ನೋಡ್ಕಂತಿರ್ಲಿಲ್ಲ. ಯಾರಾದ್ರೂ ಕರೆದ್ರೆ ಮತ್ತೆ ಬಲಗೈಗೆ ಬರ್ತಿತ್ತು. ಆ ಉಂಡೆ ನಾನೇ ಆರ್ಸಿ ಬೇರೆ ಇಡ್ತಿದ್ದೆ. ಈಗ ಕಣ್ಣು ಹೋಯ್ತು, ಬುಟ್ಟಿ ಇವನ ಕೈಗೆ ಹೋಯ್ತು.”

“ಸುಳ್ಳು!” ಎಂದಳು ಓಬಳಮ್ಮ. “ಮಗಿನ್ನ ಉಳಿಸಕ್ಕೆ ನನ್ನ ಮೇಲೆ ಹಾಕ್ತಿದೀರಿ!”

ನರಸಮ್ಮ ತಾನು ಹೊದ್ದಿದ್ದ ಹಳೆಯ ಕಂಬಳಿಯನ್ನು ಹೆಗಲಿನಿಂದ ತೆಗೆದು ಮುಂದೆ ಚಾಚಿದಳು. “ಇದ್ನ ಮುಟ್ಟು ಮತ್ತೆ. ಮೊದಲ್ನೆ ಮೂರ್ನಾಕು ವರ್ಷ ನೀ ನೂತಿದ್ದ ಎಡಹುರಿ ಕೂಡಿಟ್ಟು ನೇಯಿಸ್ಕಂಡಿದ್ದು. ಒಂದೆಳೆ ಬಲಹುರಿ ಸಿಕ್ರೆ ಹೇಳು.”

ಸಾಬರು ಎಷ್ಟು ಸಲ ಕೇಳಿದರೂ ಮುದುಕಿ ಮಾರದೆ ಇಟ್ಟುಕೊಂಡಿದ್ದ ಕಂಬಳಿ ಅದು. ಓಬಳಮ್ಮ ಮುಟ್ಟಲಿಲ್ಲ. “ಗೊತ್ತಿದ್ದೋರು ಯಾಕೆ ಹೇಳ್ಲಿಲ್ಲ?” ಎಂದಳು.

“ಹೇಳಿದ್ರೆ ನೀನು ಅದ್ನೂ ಕಟ್ಕಂಡ್ಬುಡ್ತಿದ್ದೆ ಕಣಮ್ಮ.”

ಓಬಳಮ್ಮ ಗೂಟದಲ್ಲಿದ್ದ ಕದಿರು, ಹಿಂಜಿದ ಉಣ್ಣೆಯ ಕಟ್ಟು ಎರಡನ್ನೂ ಸೆಳೆದುಕೊಂಡು ಹೊರಗೆ ನಡೆದಳು. ಅವಳು ಹೋದ ಮೇಲೆ ಚಿಕ್ಕರಂಗಯ್ಯ ಒಲೆಯೊಳಗಿನ ಸಟ್ಟುಗವನ್ನು ಬಟ್ಟೆ ಸುತ್ತಿ ಎಳೆದು, ಕಲಗಚ್ಚಿನ ಬಾನಿಗೆ ಮುಳುಗಿಸಿದ. ಅದು ಚುಂಯ್ ಎಂದಾಗ ಕಂಬದ ಬಳಿ ಗಂಗಿ ಕುಸಿದು ಕೂತಳು.

ಕೆರೆಯ ಏರಿಯ ಮೇಲೆ ಗಾಳಿ ಬೀಸುತ್ತಿತ್ತು. ಓಬಳಮ್ಮ ಒಂದು ಕಲ್ಲಿನ ಮೇಲೆ ಕೂತು, ಬೇಕೆಂದೇ ಬಲಗೈಯಲ್ಲಿ ಕದಿರು ಹಿಡಿದು ತಿರುಗಿಸಿದಳು. ಎಳೆ ಬಂತು. ನೋಡಿಕೊಂಡೇ ತಿರುಗಿಸಿದಳು. ಬಲಗೈ, ಬಲಹುರಿ. ಮುದುಕಿಗೆ ಕಣ್ಣಿನ ಜೊತೆ ಬುದ್ಧಿಯೂ ಹೋಗಿದೆ.

ಕೊಡ ಹೊತ್ತ ಹೆಂಗಸೊಬ್ಬಳು ಹಾದುಹೋದಳು. “ಏನಕ್ಕಾ, ಇಲ್ಲಿ ಕೂತಿದೀಯ? ಮನ್ಯಾಗೆ ಜಗಳವಾ?”

“ಗಾಳಿಗೆ ಬಂದೆ ಕಣಮ್ಮ.”

ನೀರಿನ ಆಚೆ ಕುರಿಗಳು ಬೆನ್ನು ಬಾಗಿಸಿ ನಿಂತಿದ್ದವು. ಓಬಳಮ್ಮನಿಗೆ ಮಗಳು ಓಡದೆ ನಿಂತದ್ದು ಕಣ್ಣಿಗೆ ಬಂತು. ತಾನೂ ಓಡಿರಲಿಲ್ಲ. ಬರೆ ಹಾಕಿದ ಆ ಸಂಜೆ ಸೋದರತ್ತೆ ದಾರ ಬಿಚ್ಚಿ, ಸುಟ್ಟ ಅಂಗೈಗೆ ಹರಳೆಣ್ಣೆ ಸವರಿ, ಹುಡುಗಿಯನ್ನು ಮಡಿಲಲ್ಲಿ ಹಾಕಿಕೊಂಡು ಅತ್ತಿದ್ದಳು. “ನಿನ್ನನ್ನ ಈ ಮನ್ಯಾಗೆ ಇಟ್ಕಳಕ್ಕೇ ಇಷ್ಟೆಲ್ಲ ಮಾಡ್ತಿದೀನಿ ಕಣೇ,” ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳಿದ್ದಳು. ಬೆಳಗ್ಗೆ ಅದೇ ಕೈಯಿಂದ ಮತ್ತೆ ಕಟ್ಟಿದಳು. ಎಣ್ಣೆ ಹಚ್ಚಿದ ಕೈಯ ಮೆತುವು ಓಬಳಮ್ಮನಿಗೆ ನೆನಪಿತ್ತು. ಅತ್ತೆ ಸತ್ತ ಸುದ್ದಿ ಬಂದಾಗ ಗಂಗಿ ಎಳೆಗೂಸು, ಹೋಗಲಾಗಿರಲಿಲ್ಲ.

ಎಲ್ಲೋ ಒಂದು ಕುರಿಮರಿ ಕೂಗಿತು. ಓಬಳಮ್ಮ ತಲೆ ತಗ್ಗಿಸಿ ನೋಡಿದಳು. ಕದಿರಿನ ತುಂಬ ನೂಲು ಸುತ್ತಿತ್ತು. ನುಣ್ಣಗೆ, ಒಂದೇ ಸಮ. ಕದಿರು ತಿರುಗುತ್ತಿದ್ದದ್ದು ಎಡಗೈಯಲ್ಲಿ.

ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಳೆ ಬಿಟ್ಟುಕೊಳ್ಳುತ್ತದೆ ಎಂಬಂತೆ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಎದ್ದು ಮನೆಯ ಕಡೆ ಓಡುನಡಿಗೆಯಲ್ಲಿ ಹೊರಟಳು.

ಗಂಗಿ ಅಜ್ಜಿಯ ಕಂಬಳಿಯೊಳಗೆ ಮುದುರಿ ಕೂತಿದ್ದಳು. ಓಬಳಮ್ಮ ಅವಳ ಮುಂದೆ ಕೂತು ಗಂಟಿಗೆ ಕೈ ಹಾಕಿದಳು. ವಾರಗಟ್ಟಲೆ ನೀರು, ಬೆವರು ಕುಡಿದ ಉಣ್ಣೆ ಬಿಗಿದುಕೊಂಡಿತ್ತು. ಬಲಗೈಯ ಉಗುರು ಸೋತಿತು. ಎಡಗೈ ಹೋಗಿ ಬಿಚ್ಚಿತು.

ದಾರ ಕಳಚಿ ಬಿತ್ತು. ಗಂಗಿಯ ಕೈ ಮಾತ್ರ ಸೊಂಟದ ಬಳಿಯೇ ಉಳಿಯಿತು.

“ಬಿಚ್ಚೈತೆ ಕಣೇ ಮಗಳೇ,” ಎಂದಳು ಅಜ್ಜಿ.

“ಗೊತ್ತು ಅಜ್ಜಿ,” ಎಂದಳು ಗಂಗಿ. ಕೈ ಅಲ್ಲಾಡಲಿಲ್ಲ.

ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದ ಓಬಳಮ್ಮ ಅಂದು ಮಗಳ ಪಕ್ಕದಲ್ಲೇ ತಟ್ಟೆ ಹಾಕಿಕೊಂಡಳು. ಬಿಸಿ ಮುದ್ದೆ, ಸೊಪ್ಪಿನ ಸಾರು. ಗಂಗಿ ತಾಯಿಯ ಮುಖವನ್ನೇ ನೋಡುತ್ತ ಕೂತಳು.

“ಉಣ್ಣೋದು ಈ ಕೈಲಿ. ನಾಕು ಜನದ ಜೊತೆ ಕೂರ್ಬೇಕಲ್ಲ,” ಎಂದು ಓಬಳಮ್ಮ ಅವಳ ಬಲಗೈ ಮುಟ್ಟಿದಳು.

“ಕದಿರು?”

ಓಬಳಮ್ಮ ತನ್ನ ಎಡ ಅಂಗೈ ಬಿಡಿಸಿ ಮುಂದಿಟ್ಟಳು. ಗಂಗಿ ಕಲೆಯನ್ನು ನೋಡಿದಳು.

“ಒಲೆ ಮೇಲೆ ಬಿದ್ದಿದ್ದಲ್ವಾ?”

“ಅಲ್ಲ. ಸಟ್ಟುಗದ್ದು. ತವರಿನಾಗೆ ನಮ್ಮ ಸೋದರತ್ತೆ ಹಾಕಿದ್ದು.”

ಚಿಕ್ಕರಂಗಯ್ಯನ ತುತ್ತು ಅರ್ಧದಲ್ಲಿ ನಿಂತಿತು. ನರಸಮ್ಮ ಕಾಣದ ಕಣ್ಣನ್ನು ಒಲೆಯ ಕಡೆ ತಿರುಗಿಸಿಕೊಂಡಳು.

“ನಂಗೂ ಹಾಕ್ತಿದ್ಯಾ ಅವ್ವ?”

ಇಲ್ಲವೆನ್ನಲು ಓಬಳಮ್ಮನ ಬಾಯಿ ತೆರೆಯಿತು. “ಹಾಕ್ತಿದ್ದೆ ಕಣಮ್ಮ,” ಎಂದಳು.

ಗಂಗಿ ತಲೆ ತಗ್ಗಿಸಿ ಬಲಗೈಯಿಂದ ಉಂಡಳು. ತುತ್ತು ಮಾಡಿಕೊಡಲು ಬಂದ ತಂದೆಯ ಕೈಯನ್ನು ಮೆಲ್ಲಗೆ ಸರಿಸಿದಳು. ಊಟ ಮುಗಿಯುವವರೆಗೂ ತಾಯಿಯ ಕಡೆ ತಿರುಗಲಿಲ್ಲ.

ಬೆಳಗ್ಗೆ ಜಗಲಿಯ ಮೇಲೆ ಎರಡು ಬುಟ್ಟಿ ಇದ್ದವು. ಚಿಕ್ಕರಂಗಯ್ಯ ಹೊಸ ಕಂಬಳಿಗೆ ನೂಲು ಆರಿಸಲು ತಾಯಿಯನ್ನು ಕೈಹಿಡಿದು ತಂದು ಕೂರಿಸಿದ್ದ. ಅವಳು ಉಂಡೆಗಳನ್ನು ಬೆರಳಿನಲ್ಲೇ ಹೊಸೆದು, ಇದು ಇತ್ತ, ಇದು ಅತ್ತ ಎಂದು ಹಾಕುತ್ತಿದ್ದಳು. ಪಟ್ಟೆ ಎದ್ದ ಕಂಬಳಿ ಗಂಗಿಯ ಹಾಸಿಗೆ ಸೇರಿತ್ತು.

ಓಬಳಮ್ಮ ಬೀದಿಗೆ ಎದುರಾಗಿ ಕೂತು ಎಡಗೈಯಲ್ಲಿ ಕದಿರು ಹಿಡಿದಳು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿದರು. ಒಬ್ಬಳು ಇನ್ನೊಬ್ಬಳ ತೋಳು ತಿವಿದಳು. ಓಬಳಮ್ಮನ ಕತ್ತು ಬಿಸಿಯಾಯಿತು. ಯೋಚನೆಯಿಲ್ಲದೆ ಬರುತ್ತಿದ್ದ ಎಳೆ, ಬೇಕೆಂದು ತೆಗೆದರೆ ಬರುತ್ತಿಲ್ಲ. ಎಳೆ ಹರಿದು, ಕದಿರು ಕೈಯಿಂದ ಜಾರಿ ಉರುಳುತ್ತ ಹೋಗಿ, ದೂರದ ಕಂಬದ ಬಳಿ ಒಬ್ಬಳೇ ಕೂತಿದ್ದ ಗಂಗಿಯ ಕಾಲಿಗೆ ತಗುಲಿತು.

ಗಂಗಿ ಅದನ್ನು ನೋಡಿದಳು. ಸೊಂಟದ ಬಳಿಯಿಂದ ಅವಳ ಎಡಗೈ ಬಂದು ಕದಿರನ್ನು ಎತ್ತಿ ತಾಯಿಯ ಕಡೆ ಚಾಚಿತು. ಚಾಚಿದ ಮೇಲೆ, ಯಾವ ಕೈಯೆಂದು ಅರಿವಾಗಿ, ಅವಳು ಉಸಿರು ಹಿಡಿದು ತಾಯಿಯ ಮುಖ ನೋಡಿದಳು.

ಬೀದಿಯಲ್ಲಿ ಹೆಂಗಸರು ಇನ್ನೂ ನಿಂತಿದ್ದರು. ಓಬಳಮ್ಮ ತನ್ನ ಎಡಗೈ ಚಾಚಿ ಅದನ್ನು ತೆಗೆದುಕೊಂಡಳು.